ಪೂನಮಳ ಅಳತೆ

ಮಹಾಲಯ ಅಮಾವಾಸ್ಯೆ ಹತ್ತಿರ ಬಂತೆಂದರೆ ಭರಮವ್ವ ಕಾಕು ಬೆಳಗಾವಿಯ ರವಿವಾರ ಪೇಟೆಗೆ ಹೋಗಿ ಖಣದ ಬಟ್ಟೆ ತರುತ್ತಾಳೆ. ಆರು ವರ್ಷದ ಹುಡುಗಿಗೆ ಆಗುವಷ್ಟು ಒಂದು ಪರಕಾರ, ಅಂದರೆ ಉದ್ದ ಲಂಗ, ಅದರ ಮೇಲೊಂದು ಪೋಲಕ. ಆ ಹುಡುಗಿ ಅವಳ ಮಗಳು ಪೂನಮ. ಒಂದನೇ ಇಯತ್ತೆಯಲ್ಲಿದ್ದಾಗ ಜ್ವರ ಬಂದು ತೀರಿಕೊಂಡಳು. ಇದ್ದಿದ್ದರೆ ಈಗ ಹದಿನೆಂಟು, ಹೆಚ್ಚುಕಡಿಮೆ ನನ್ನ ವಯಸ್ಸು.

ಅವರ ಮನೆತನದಲ್ಲಿ ಅಮಾವಾಸ್ಯೆಯ ದಿನ ತೀರಿಹೋದವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು ಎಡೆ ಹಿಡಿಯುತ್ತಾರೆ. ಗಂಡಸರಿಗೆ ಧೋತರ, ಹೆಂಗಸರಿಗೆ ಸೀರೆ, ಪೂನಮಳಿಗೆ ಪರಕಾರ. ಆಮೇಲೆ ಆ ಬಟ್ಟೆ ಮೈಗೆ ಒಪ್ಪುವಂಥ ಒಬ್ಬರನ್ನು ಕರೆದು, ಅದನ್ನು ಉಡಿಸಿ, ಮನೆಯವರಿಗಿಂತ ಮೊದಲು ಊಟಕ್ಕೆ ಕೂರಿಸುತ್ತಾರೆ. ಅವರು ಉಂಡರೆ ಹೋದವರು ಉಂಡ ಹಾಗೆ. ಪೂನಮಳ ಪರಕಾರ ಉಡಲು ಪ್ರತಿ ವರ್ಷ ಬೇರೆ ಬೇರೆ ಹುಡುಗಿ ಬೇಕಾಗುತ್ತದೆ. ಹೋದ ಸಲ ಉಟ್ಟವಳಿಗೆ ಈ ಸಲ ಅದು ಆಗುವುದಿಲ್ಲ.

ನಾನು ಒಂಬತ್ತನೇ ಇಯತ್ತೆಗೆ ಸಾಲೆ ಬಿಟ್ಟು ಪ್ರಮಿಳಾ ಅತ್ತೆಯ ಹತ್ತಿರ ಹೊಲಿಗೆಗೆ ಕುಳಿತೆ. ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಅನಗೋಳದ ನಮ್ಮ ಓಣಿಯಲ್ಲಿ ಅವಳ ಮನೆಯ ಮುಂದಿನ ಖೋಲಿಯೇ ಅಂಗಡಿ. ಅವಳು ಗಿರಾಕಿಗಳ ಜೊತೆ ಮಾತಾಡುತ್ತಾಳೆ, ನಾನು ಹೊಲಿಯುತ್ತೇನೆ. ಮಷಿನ್ ಕಿಟಕಿಯ ಪಕ್ಕದಲ್ಲಿರುವುದರಿಂದ ಓಣಿಯಲ್ಲಿ ಹೋಗಿಬರುವವರೆಲ್ಲ ನನಗೆ ಕಾಣುತ್ತಾರೆ.

ಈ ವರ್ಷ ಭರಮವ್ವ ಕಾಕು ತಂದ ಖಣ ಹಸಿರು, ಕೆಂಪು ಅಂಚಿನದು.

"ಹ್ವಾದ ವರ್ಷದ್ದ ಅಳತಿನೇನ ಭರಮಕ್ಕಾ?" ಅತ್ತೆ ಕೇಳಿದಳು.

"ಮತ್ತೇನ ಬದಲ ಆಗತೈತ್ರಿ. ಒಳಗ ಮಾರ್ಜಿನ್ ಬಿಡಬ್ಯಾಡ್ರಿ. ಸುಮ್ನ ಅರಿವಿ ಹಾಳು."

ಬೆಳೆಯುವ ಮಕ್ಕಳ ಬಟ್ಟೆಗೆ ನಾವು ಒಳಗಡೆ ಎರಡು ಬೆರಳು ಅಗಲ ಬಟ್ಟೆ ಮಡಚಿ ಬಿಡುತ್ತೇವೆ. ಮರುವರ್ಷ ಹೊಲಿಗೆ ಬಿಚ್ಚಿದರೆ ಬಟ್ಟೆ ದೊಡ್ಡದಾಗುತ್ತದೆ. ಅದನ್ನು ಬಿಡಬೇಡಿ ಎಂದು ಹೇಳುವ ತಾಯಿ ನಮ್ಮ ಓಣಿಯಲ್ಲಿ ಇವಳೊಬ್ಬಳೇ. ಮೊದಲ ಸಲ ಕೇಳಿದಾಗ ಅತ್ತೆ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಿದ್ದಳು. ಈಗ ನಮಗೂ ರೂಢಿಯಾಗಿತ್ತು.

ಎರಡು ದಿನ ಬಿಟ್ಟು, ಮಧ್ಯಾಹ್ನ ಇಳಿಯುವ ಹೊತ್ತಿಗೆ, ಅವಳ ಗಂಡ ಮಾಯಪ್ಪ ಕಾಕಾ ಬಂದ. ಅವನು ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುತ್ತಾನೆ. ಪಾಳಿ ಮುಗಿಸಿ ಬರುವಾಗ ಅವನ ಹುಬ್ಬಿನಲ್ಲಿ ಕರಿ ಮರಳಿನ ಪುಡಿ ಇರುತ್ತದೆ. ಮಳೆ ಬರುವುದೋ ಬಿಡುವುದೋ ಎನ್ನುವಂಥ ಬೆಳಕಿತ್ತು. ಅತ್ತೆ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಅವನು ಬಾಗಿಲ ಹೊರಗೆ ನಿಂತು ಕೆಮ್ಮಿದ.

"ಒಳಗ ಬರ್ರಿ ಮಾಯಪ್ಪಣ್ಣಾ," ಅತ್ತೆ ಎಚ್ಚರಾದಳು. "ಇಲ್ಲೇನ ಹುಲಿ ಕಟ್ಟಿಲ್ಲ."

"ಮೈಯೆಲ್ಲ ಮಸಿ ಐತ್ರಿ. ಅರಿವಿಗೆ ಹತ್ತತೈತಿ." ಅಲ್ಲಿಂದಲೇ ಕೈ ಚಾಚಿ ಒಂದು ಚೀಲ ಕೊಟ್ಟ.

ಒಳಗೆ ನೀಲಿ ಬಟ್ಟೆ. ಸಣ್ಣ ಸಣ್ಣ ಬಿಳಿ ಹೂಗಳಿದ್ದವು. ಅತ್ತೆ ಬಿಚ್ಚುತ್ತಾ ಹೋದಳು, ಅದು ಮುಗಿಯಲೇ ಇಲ್ಲ.

"ಏನ್ರಿ ಇದು, ಮನಿ ಕಿಡಕಿಗೆಲ್ಲ ಪಡದೆ ಹೊಲಸ್ತೀರೇನು?"

"ಚೂಡಿದಾರಕ್ರಿ. ಎಷ್ಟ ಬೇಕ ಅಂತ ಅಂಗಡ್ಯಾಂವ ಕೇಳಿದ. ನಂಗ ಗೊತ್ತಾಗಲಿಲ್ಲ. ಕಡಿಮಿ ಬೀಳಬಾರ್ದಂತ ಜಾಸ್ತಿನ ತಗೊಂಡೆ."

"ಯಾರಿಗ್ರಿ ಚೂಡಿದಾರ?"

"ಪೂನಮಗ."

ಅತ್ತೆಯ ಕೈ ಬಟ್ಟೆಯ ಮೇಲೆ ನಿಂತಿತು. ನಾನು ಮಷಿನ್ ನಿಲ್ಲಿಸಿದೆ. ಅವನು ನಮ್ಮಿಬ್ಬರನ್ನೂ ನೋಡದೆ ಬಾಗಿಲ ಚೌಕಟ್ಟಿಗೆ ಹೇಳುವ ಹಾಗೆ ಹೇಳಿದ.

"ಕನಸಿನ್ಯಾಗ ಬರಾಕತ್ತಾಳ್ರಿ. ದೊಡ್ಡಾಕಿ ಆಗ್ಯಾಳ. ನನ್ನ ಹೆಗಲಮಟ ಬಂದಾಳ. ಮೈಮ್ಯಾಲ ಮಾತ್ರ ಅದ ಸಣ್ಣ ಪರಕಾರ. ಮೊಣಕಾಲ ಮ್ಯಾಲ ಹೋಗೇತಿ. ಪೋಲಕದ ಗುಂಡಿ ಹತ್ತವಲ್ವು. ನಾಚಿ ಬಾಗಲದ ಹಿಂದ ನಿಲ್ತಾಳ. ಒಳಗ ಬಾರವಾ ಅಂದ್ರ, ಅಪ್ಪಾ ಹೆಂಗ ಬರ್ಲಿ ಅಂತಾಳ."

ಓಣಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಅತ್ತೆ ಬಟ್ಟೆಯನ್ನು ಮಡಚುತ್ತಾ ಕೇಳಿದಳು. "ಭರಮಕ್ಕಗ ಹೇಳೀರೇನು?"

"ಹೇಳ್ತೀನ್ರಿ. ಅಮಾಸಿಗಿ ಮೊದಲ ಹೇಳ್ತೀನಿ."

"ಅಳತಿ?"

ಅವನು ಅಂಗೈಯನ್ನು ಚಪ್ಪಟೆ ಮಾಡಿ ತನ್ನ ಹೆಗಲಿನ ಹತ್ತಿರ ಹಿಡಿದ. ಇಷ್ಟು ಎತ್ತರ. ಅದಕ್ಕಿಂತ ಹೆಚ್ಚಿನದು ಒಬ್ಬ ಅಪ್ಪನಿಗೆ ಹೇಗೆ ಗೊತ್ತಿರುತ್ತದೆ. ಅತ್ತೆಯೂ ಕೇಳಲಿಲ್ಲ. ಆಮೇಲೆ ಅವನು ನನ್ನ ಕಡೆ ತಿರುಗಿದ.

"ನಿಮ್ಮ ನೇತ್ರಾ ಅಕಿ ವಾರಿಗ್ಯಾಕಿ ಅಲ್ರಿ. ಈಕಿ ಅಳತಿಗೆ ಹೊಲೀರಿ. ಅಮಾಸಿ ದಿನ ಖಾನಾಪುರಕ್ಕ ನಮ್ಮಣ್ಣನ ಮನಿಗೆ ನೀನ ಬರಬೇಕವಾ, ಉಟಗೊಳ್ಳಾಕ. ಬರ್ತಿ ಹೌದಲ್ಲ?"

ನಾನು ತಲೆ ಆಡಿಸಿದೆ. ಅವನು ಹೋದ ಮೇಲೂ ಆ ಅಂಗೈ ಗಾಳಿಯಲ್ಲಿ ಅಲ್ಲೇ ಇರುವಂತೆ ಅನ್ನಿಸುತ್ತಿತ್ತು.

ಅತ್ತೆ ನನ್ನ ಮೈಗೆ ಟೇಪು ಹಿಡಿದಳು. ಎಷ್ಟೋ ಜನರ ಅಳತೆ ತೆಗೆದಿದ್ದೇನೆ, ನನ್ನದನ್ನು ಯಾರೂ ಇಷ್ಟು ನಿಧಾನವಾಗಿ ತೆಗೆದಿರಲಿಲ್ಲ. ನೀಲಿ ಬಟ್ಟೆಯನ್ನು ನೆಲದ ಮೇಲೆ ಹಾಸಿ ಸೀಮೆಸುಣ್ಣದಿಂದ ಗೆರೆ ಎಳೆದೆ. ಭುಜ, ಕಂಕುಳು, ಸೊಂಟ. ಗೆರೆ ಮುಗಿದಾಗ ಒಂದು ಹುಡುಗಿ ನೆಲದ ಮೇಲೆ ಅಂಗಾತ ಮಲಗಿ ಛಾವಣಿ ನೋಡುತ್ತಿರುವಂತೆ ಕಂಡಿತು. ಕತ್ತರಿ ಹಾಕಲು ಸ್ವಲ್ಪ ಹೊತ್ತು ತಡೆದೆ.

ಪೂನಮ ನಮ್ಮ ಸಾಲೆಯಲ್ಲೇ ಇದ್ದಳು. ಅವಳು ಮುಂದೆ ಕೂರುತ್ತಿದ್ದಳು, ನಾನು ಹಿಂದೆ. ನನಗೆ ನೆನಪಿರುವುದು ಅವಳ ಕುತ್ತಿಗೆಯ ಹಿಂಭಾಗ ಮತ್ತು ಕೊಬ್ಬರಿ ಎಣ್ಣೆಯ ವಾಸನೆ. ಮುಖ ನೆನಪಿಗೆ ಬರುವುದಿಲ್ಲ. ಹೊಲಿಯುತ್ತಾ ಹೊಲಿಯುತ್ತಾ ಅವಳು ತಿರುಗುತ್ತಾಳೇನೋ ಎಂದು ಕಾದೆ. ಆ ದಿನಗಳಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಸಣ್ಣ ಮಳೆ ಇರುತ್ತಿತ್ತು, ಮಷಿನ್ನಿನ ಸದ್ದೂ ಮಳೆಯ ಸದ್ದೂ ಒಂದೇ ಆಗಿ, ಹೊಲಿಯುತ್ತಿರುವುದು ನನಗೋ ಅವಳಿಗೋ ಎಂದು ಮರೆತುಹೋಗುತ್ತಿತ್ತು. ಒಮ್ಮೆ ಸೂಜಿಗೆ ದಾರ ಹಾಕುವಾಗ, ಇದು ಅವಳಿಗೆ ಇಷ್ಟವಾಗುತ್ತದೋ ಇಲ್ಲವೋ ಎಂದು ಖರೇನೇ ಚಿಂತೆಯಾಯಿತು.

ಪರಕಾರ ಒಯ್ಯಲು ಭರಮವ್ವ ಕಾಕು ಬಂದಾಗ ನೀಲಿ ಚೂಡಿದಾರ ಗೋಡೆಯ ಮೊಳೆಗೆ ತೂಗುಹಾಕಿತ್ತು. ಅವಳ ಕಣ್ಣು ಅಲ್ಲಿಗೆ ಹೋಯಿತು.

"ಚಂದ ಐತಿ. ಯಾರದ್ರಿ?"

ಊರಿನ ಮಾತೆಲ್ಲ ಆಡುವ ನನ್ನ ಅತ್ತೆ ಬಾಯಿ ತೆರೆದು ಮುಚ್ಚಿದಳು. "ಗಿರಾಕಿದು," ಎಂದಳು.

ಮಾಯಪ್ಪ ಕಾಕಾ ಇನ್ನೂ ಹೇಳಿಲ್ಲ ಎಂದು ನಮಗಿಬ್ಬರಿಗೂ ತಿಳಿಯಿತು. ಭರಮವ್ವ ಕಾಕು ಪರಕಾರವನ್ನು ಬಿಚ್ಚಿ ನೋಡಲೂ ಇಲ್ಲ, ಎದೆಗೆ ಒತ್ತಿಕೊಂಡು ಮಳೆಯಲ್ಲಿ ಹೊರಟುಹೋದಳು.

ಅಮಾವಾಸ್ಯೆಯ ಬೆಳಿಗ್ಗೆ ನಾನು ಮತ್ತು ಅತ್ತೆ ಖಾನಾಪುರದ ಬಸ್ಸು ಹತ್ತಿದೆವು. ಚೂಡಿದಾರದ ಚೀಲ ನನ್ನ ತೊಡೆಯ ಮೇಲಿತ್ತು. ಮಚ್ಛೆ ದಾಟಿದ ಮೇಲೆ ಮಂಜು. ಭತ್ತದ ಗದ್ದೆಗಳು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಒಂದು ಕಡೆ ಮರವೊಂದು ಬುಡವಿಲ್ಲದೆ ತೇಲುತ್ತಿತ್ತು, ಇನ್ನೊಂದು ಕಡೆ ಎಮ್ಮೆಯ ಬೆನ್ನು ಮಾತ್ರ ನಡೆಯುತ್ತಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಮರಾಠಿಯಲ್ಲಿ ಯಾರದೋ ಹೆರಿಗೆಯ ಮಾತಾಡುತ್ತಿದ್ದರು. ಅತ್ತೆ ನಿದ್ದೆ ಮಾಡಿದಳು. ನಾನು ಕಿಟಕಿಯ ಗಾಜಿನಲ್ಲಿ ನನ್ನ ಮುಖ ನೋಡಿದೆ. ಅದರ ಮೂಲಕ ಗದ್ದೆ ಹಾದುಹೋಗುತ್ತಿತ್ತು.

ಖಾನಾಪುರದಲ್ಲಿ ಮಾಯಪ್ಪ ಕಾಕಾನ ಅಣ್ಣ ರಾಮಲಿಂಗನ ಮನೆ ಇದೆ. ಹಿರಿಯರ ಕಲಶ ಅಲ್ಲಿಯೇ ಕೂರುತ್ತದೆ. ರಾಮಲಿಂಗ ಎಡೆಗೆ ಬಾಳೆ ಎಲೆ ತರಲು ಹೋಗಿದ್ದ. ಮಾಯಪ್ಪ ಕಾಕಾ ನಮಗಾಗಿ ಹೊರಗೆ ಕಾಯುತ್ತಿದ್ದ. ಮುಖ ನೋಡಿಯೇ ಅತ್ತೆ ಕೇಳಿದಳು.

"ಹೇಳಿಲ್ಲ ಹೌದಲ್ರಿ?"

"ಹೇಳಬೇಕಂತ ಹ್ವಾದೆ. ಅಕಿ ಕಡಬ ಮಾಡಾಕತ್ತಿದ್ಲು."

"ಕಡಬಿಗೂ ಇದಕ್ಕೂ ಏನ ಸಂಬಂಧ್ರಿ?"

"ಹಾಡ ಅನಕೋಂತ ಮಾಡಾಕತ್ತಿದ್ಲು. ವರ್ಷಕ್ಕ ಇದೊಂದ ದಿನ ಹಾಡತಾಳ. ನಂಗ ಆಗಲಿಲ್ಲ."

ಒಳಗೆ ದೇವರ ಖೋಲಿಯಲ್ಲಿ ಮಣೆಯ ಮೇಲೆ ಕಲಶ. ಅದರ ಮುಂದೆ ಒಂದು ಧೋತರ, ಒಂದು ಸೀರೆ, ಅವುಗಳ ಮೇಲೆ ಹಸಿರು ಪರಕಾರ. ಪಕ್ಕದ ಮನೆಯ ಲಕ್ಷ್ಮೀ, ಈ ವರ್ಷ ಪರಕಾರ ಉಡಬೇಕಾದ ಆರು ವರ್ಷದ ಹುಡುಗಿ, ಎಣ್ಣೆ ಸ್ನಾನ ಮಾಡಿ ಒದ್ದೆ ಕೂದಲಿನಲ್ಲಿ ಮೂಲೆಯಲ್ಲಿ ಕುಳಿತು ಸಕ್ಕರೆ ನೆಕ್ಕುತ್ತಿದ್ದಳು. ಮಾಯಪ್ಪ ಕಾಕಾ ನನ್ನ ಕೈಯಿಂದ ಚೀಲ ತೆಗೆದುಕೊಂಡು, ಚೂಡಿದಾರವನ್ನು ಪರಕಾರದ ಪಕ್ಕದಲ್ಲಿ ಇಟ್ಟ. ಅದೇ ಹೊತ್ತಿಗೆ ಭರಮವ್ವ ಕಾಕು ಕಡುಬಿನ ತಾಟು ಹಿಡಿದು ಅಡುಗೆಮನೆಯಿಂದ ಬಂದಳು. ಅವಳ ಹಿಂದೆ ರಾಮಲಿಂಗನ ಹೆಂಡತಿ ಕಾಡವ್ವ.

"ಇದು ಇವರ ಅಂಗಡ್ಯಾಗ ತೂಗಹಾಕಿದ್ದಲ್ಲ?" ಭರಮವ್ವ ಕಾಕು ಕೇಳಿದಳು.

"ಪೂನಮಗ," ಮಾಯಪ್ಪ ಕಾಕಾ ಹೇಳಿದ.

"ಪೂನಮಂದು ಅಲ್ಲಿ ಐತಿ."

"ಅದು ಆಗೂದಿಲ್ಲ ಅಕಿಗೆ. ದೊಡ್ಡಾಕಿ ಆಗ್ಯಾಳ. ನನ್ನ ಕನಸಿನ್ಯಾಗ ಬರ್ತಾಳ. ನಿನ್ನ ಕನಸಿನ್ಯಾಗ ಬರೂದಿಲ್ಲೇನು?"

"ಬರ್ತಾಳ." ಅವಳು ತಾಟನ್ನು ಕೆಳಗಿಟ್ಟಳು. "ನನ್ನ ತೊಡಿಮ್ಯಾಲ ಮಲಕೊಂತಾಳ. ತೊಡಿಮ್ಯಾಲ ಹಿಡಸುವಷ್ಟ ಅದಾಳ. ದೊಡ್ಡಾಕಿನ್ನ ಮಾಡಿ ಅಲ್ಲಿಂದನೂ ಎಬ್ಬಿಸಿ ಒಯ್ತೀರೇನ ನೀವು?"

ಲಕ್ಷ್ಮೀ ನೆಕ್ಕುವುದನ್ನು ನಿಲ್ಲಿಸಿದಳು.

"ಎರಡೂ ಇಡ್ರಲಾ," ಕಾಡವ್ವ ಮೆಲ್ಲಗೆ ಅಂದಳು. "ಯಾವದ ಬೇಕೋ ಅಕಿನ ಹಾಕ್ಕೊಂತಾಳ."

"ಒಂದ ಹುಡಗಿಗೆ ಎರಡ ಅಳತಿ ಹೆಂಗ ಇರತಾವ ವೈನಿ?"

ಮಾಯಪ್ಪ ಕಾಕಾ ಬಗ್ಗಿ ಚೂಡಿದಾರವನ್ನು ಎತ್ತಿಕೊಂಡ. ಮಡಚಿ ಚೀಲದಲ್ಲಿ ಹಾಕಲು ನೋಡಿದ, ಅವನಿಗೆ ಮಡಚಲು ಬರಲಿಲ್ಲ. ಒಂದು ತೋಳು ಒಳಗೆ ಹೋದರೆ ಇನ್ನೊಂದು ಹೊರಗೆ ಬರುತ್ತಿತ್ತು. ಬಿಸಿ ಕಬ್ಬಿಣ ಹಿಡಿದು ಒರಟಾದ ಬೆರಳಿಗೆ ಬಟ್ಟೆಯ ಎಳೆ ಸಿಕ್ಕಿ ಸಿಕ್ಕಿ ಬರುತ್ತಿತ್ತು.

"ಕೊಡ್ರಿಲ್ಲೆ. ಎಳಿ ಕಿತ್ತ ಇಡ್ತೀರಿ," ಎಂದು ಭರಮವ್ವ ಕಾಕು ಅವನ ಕೈಯಿಂದ ಅದನ್ನು ತೆಗೆದುಕೊಂಡಳು.

ಎರಡೂ ಭುಜ ಹಿಡಿದು ಒಮ್ಮೆ ಝಾಡಿಸಿದಳು. ನೀಲಿ ಬಟ್ಟೆ ಗಾಳಿ ತುಂಬಿಕೊಂಡು ಅವಳ ಎದುರು ನಿಂತಿತು. ಅವಳು ಮಡಚಲಿಲ್ಲ. ಹಾಗೆಯೇ ಹಿಡಿದುಕೊಂಡು ನಿಂತಳು. ಹೊರಗೆ ಮಂಜು ಕರಗಿ ಹೆಂಚಿನಿಂದ ಹನಿ ಬೀಳುತ್ತಿತ್ತು. ಆಮೇಲೆ ಅವಳು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಗೇಣು ಹಾಕಿದಳು. ಮತ್ತೊಮ್ಮೆ ಹಾಕಿದಳು.

"ಇದು ಬಿಗಿ ಆಕ್ಕೈತಿ," ಅಂದಳು.

"ಏನು?" ಮಾಯಪ್ಪ ಕಾಕಾ ಕೇಳಿದ.

"ಭುಜ. ಯಾರ ಅಳತಿಗೆ ಹೊಲದೀರಿ ಇದನ್ನ?"

ಅತ್ತೆ ನನ್ನ ಕಡೆ ಗದ್ದ ತೋರಿಸಿದಳು. ಭರಮವ್ವ ಕಾಕು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಈ ಹುಡಗಿ ಕಸಬರಗಿ ಕಡ್ಡಿ ಆಗ್ಯಾಳ. ಪೂನಮ ನಮ್ಮ ತವರಮನಿ ಕಡೇಕಿ. ಆರ ವರ್ಷದಾಕಿ ಇದ್ದಾಗನ ಪೋಲಕ ಭುಜದಾಗ ಹರೀತಿದ್ಲು. ಈಗ ನನಗಿಂತಾ ಅಗಲ ಇರ್ತಾಳ." ತೋಳನ್ನು ಎತ್ತಿ ನೋಡಿದಳು. "ಇದೂ ಗಿಡ್ಡ. ಅಕೀವು ಕೈ ಉದ್ದ."

ಮಾಯಪ್ಪ ಕಾಕಾ ಗೋಡೆ ಹಿಡಿದು ನಿಧಾನವಾಗಿ ನೆಲದ ಮೇಲೆ ಕುಳಿತ.

"ಒಳಗ ಮಾರ್ಜಿನ್ ಬಿಟ್ಟೀಯೇನಬೇ?" ಅವಳು ನನ್ನನ್ನು ಕೇಳಿದಳು.

"ಬಿಟ್ಟೀನ್ರಿ ಕಾಕು," ಅಂದೆ.

ಪಡಸಾಲೆಯ ಬೆಳಕಿನಲ್ಲಿ ಕುಳಿತು ಹೊಲಿಗೆ ಬಿಚ್ಚಿದೆವು. ಕಾಡವ್ವ ಗಂಡನ ದಾಡಿಯ ಬ್ಲೇಡು ತಂದುಕೊಟ್ಟಳು. ಸೂಜಿ ಅತ್ತೆಯ ತಾಳಿಯಲ್ಲಿ ಯಾವಾಗಲೂ ಇರುತ್ತದೆ. ದಾರವನ್ನು ನೀಲಿ ಬಟ್ಟೆಯ ಅಂಚಿನಿಂದಲೇ ಎಳೆದೆವು. ಟೇಪು ತಂದಿರಲಿಲ್ಲ. ಭರಮವ್ವ ಕಾಕು ನನಗೆ ಬೆನ್ನು ಕೊಟ್ಟು ಕುಳಿತಳು. "ನನ್ನ ಭುಜದ ಅಳತಿ ತಗೋ. ಮ್ಯಾಲ ಒಂದ ಬೆರಳ ಜಾಸ್ತಿ ಹಿಡಿ." ನಾನು ದಾರವನ್ನು ಅವಳ ಬೆನ್ನಿನ ಮೇಲೆ ಹಿಡಿದೆ. ಒಲೆಯ ಮುಂದೆ ಇದ್ದು ಬಂದದ್ದರಿಂದ ಬೆನ್ನು ಬೆಚ್ಚಗಿತ್ತು. ಉಸಿರಿನ ಜೊತೆ ಅದು ಏರಿ ಇಳಿಯುತ್ತಿತ್ತು, ಅವಳು ಉಸಿರು ಬಿಡುವವರೆಗೆ ಕಾದು ಅಳತೆ ಹಿಡಿಯಬೇಕಾಯಿತು.

"ಸೊಂಟ?" ಅತ್ತೆ ಕೇಳಿದಳು.

"ಸೊಂಟ ಇವರ ಅವ್ವಂದು. ಸಣ್ಣದು. ಇದ್ದಂಗ ಇರ್ಲಿ."

"ನಮ್ಮವ್ವನ ಸೊಂಟ ಸಣ್ಣ ಇತ್ತೇನು?" ಗೋಡೆಯ ಹತ್ತಿರದಿಂದ ಮಾಯಪ್ಪ ಕಾಕಾ ಕೇಳಿದ.

"ನಿಮಗೇನ ಗೊತ್ತಿರತೈತಿ. ಅವರ ಪೋಲಕ ಒಗಕೋಂತ ಬಂದಾಕಿ ನಾನು."

ಕೈಹೊಲಿಗೆ ಮುಗಿಯುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬಂದಿದ್ದ. ಅವಳು ಚೂಡಿದಾರವನ್ನು ತಾನೇ ಮಡಚಿದಳು. ಮಣೆಯ ಮೇಲಿಂದ ಹಸಿರು ಪರಕಾರ ಎತ್ತಿ, ಒಂದು ಕ್ಷಣ ಮೂಗಿಗೆ ಹಿಡಿದು, ಲಕ್ಷ್ಮೀಯ ಕೈಯಲ್ಲಿಟ್ಟಳು.

"ಪೂಜಿ ಆಗಿಲ್ಲ ಇನ್ನಾ," ಲಕ್ಷ್ಮೀ ಹೇಳಿದಳು. ಅವಳಿಗೆ ಎಲ್ಲ ಹೇಳಿಕೊಟ್ಟು ಕಳಿಸಿದ್ದರು. "ಇದು ಪೂನಮಕ್ಕಂದು."

"ಅಕಿಗೆ ಸಣ್ಣದ ಆತವಾ. ಇದು ನಿಂದ. ಹಾಕ್ಕೊಂಡ ಆಡ ಹೋಗ."

ಲಕ್ಷ್ಮೀ ಎರಡನೇ ಸಲ ಕೇಳದೆ ಓಡಿದಳು. ಭರಮವ್ವ ಕಾಕು ಅವಳು ಹೋದ ಬಾಗಿಲನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತಳು.

ರಾಮಲಿಂಗ ಎಲೆ ತಂದ. ಕಡುಬು, ಹೋಳಿಗೆ, ಅನ್ನ, ಪುಂಡಿಪಲ್ಯ ಬಡಿಸಿದರು. ಕೊನೆಗೆ ಭರಮವ್ವ ಕಾಕು ಒಂದು ಸಣ್ಣ ಪೊಟ್ಟಣ ಬಿಚ್ಚಿದಳು. ಅದರಲ್ಲಿ ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿ. ಪೂನಮಳಿಗೆ ಅದೆಂದರೆ ಪ್ರಾಣ, ಪ್ರತಿ ವರ್ಷ ಎಡೆಗೆ ಇಡುವುದು. ಎಲೆಯ ತುದಿಗೆ ಇಡಲು ಹೋದ ಅವಳ ಕೈ ನಿಂತಿತು.

"ಈ ವಯಸ್ಸಿನ್ಯಾಗ ಇದನ್ನ ತಿಂತಾಳೇನು?" ಯಾರನ್ನು ಕೇಳಿದಳೋ. ಆಮೇಲೆ ನನ್ನನ್ನು ನೋಡಿದಳು. "ನಿಮ್ಮ ವಾರಿಗಿ ಹುಡಗ್ಯಾರು ಏನ ತಿಂತೀರಿ?"

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕಿವಿ ಬಿಸಿಯಾಯಿತು. ನೆಲ ನೋಡಿಕೊಂಡು ಖರೇ ಇದ್ದದ್ದನ್ನು ಹೇಳಿದೆ.

"ಗೋಬಿರಿ."

ಕಾಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹಿರೇರ ಎಡಿಗಿ ಗೋಬಿ ಮಂಚೂರಿ? ನಮ್ಮ ಮಾವನಾರು ಎದ್ದ ಹೊಂಟ ಹೋಗ್ತಾರ."

"ಮಾವನಾರಿಗೆ ಕಡಬ ಐತಲ್ಲ ವೈನಿ."

ಮಾಯಪ್ಪ ಕಾಕಾ ಆಗಲೇ ಎದ್ದು ಅಣ್ಣನ ಬೈಕಿನ ಕೀಲಿ ಕೇಳುತ್ತಿದ್ದ.

"ಗೋಬಿ ಗಾಡಿ ಸಂಜಿಗೆ ಹಚ್ಚತಾರ್ರಿ," ಅತ್ತೆ ಹೇಳಿದಳು. "ಇಷ್ಟ ಲಗೂ ಎಲ್ಲಿ ಸಿಗತೈತಿ?"

"ಇಲ್ಲಿ ಸಿಗದಿದ್ರ ಬೆಳಗಾವಿಗೆ ಹೋಗಿ ತರ್ತೀನಿ."

"ಖಾರ ಜಾಸ್ತಿ ಹಾಕ ಅನ್ರಿ," ಭರಮವ್ವ ಕಾಕು ಬಾಗಿಲಿಗೆ ಬಂದು ಹೇಳಿದಳು.

"ಖಾರ ತಿಂತಾಳೇನು?"

"ನಿಮ್ಮ ಮಗಳಲ್ಲೇನು?"

ಬೈಕಿನ ಸದ್ದು ಓಣಿಯ ತಿರುವಿನಲ್ಲಿ ಕರಗಿಹೋಯಿತು. ಎಡೆ ಹಾಗೆಯೇ ಇತ್ತು. ಹೋದವರು ಉಣ್ಣದೆ ಮನೆಯವರು ಉಣ್ಣುವ ಹಾಗಿರಲಿಲ್ಲ. ರಾಮಲಿಂಗ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. ಅತ್ತೆ ತನಗೆ ಹಸಿವೇ ಇಲ್ಲ ಎಂದು ಕೇಳದವರಿಗೂ ಹೇಳಿದಳು. ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಸರಿಯುತ್ತಾ ನೀಲಿ ಬಟ್ಟೆಯವರೆಗೆ ಬಂತು, ಬಿಳಿ ಹೂಗಳು ಒಂದೊಂದಾಗಿ ಬೆಳಗಿದವು.

ಭರಮವ್ವ ಕಾಕು ನನ್ನ ಪಕ್ಕದಲ್ಲಿ ಕುಳಿತು ಮಾತಿಗೆ ಶುರು ಮಾಡಿದಳು. ಪೂನಮ ಬಿ.ಕಾಂ. ಮಾಡುತ್ತಿರಬೇಕೋ ಅಥವಾ ನರ್ಸಿಂಗೋ. ಲೆಕ್ಕ ಬರುತ್ತಿರಲಿಲ್ಲ, ಹಾಗಾದರೆ ಬಿ.ಕಾಂ. ಅಲ್ಲ. ಅಪ್ಪನ ಮೇಲೆ ರೇಗುತ್ತಿರಬಹುದು. ಕೂದಲು ಕತ್ತರಿಸಿಕೊಂಡಿದ್ದರೆ ತಾನು ಎರಡು ದಿನ ಮಾತು ಬಿಡುತ್ತಿದ್ದೆ, ಅಂದಳು. ನಾನು ಹೂಂ ಅನ್ನುತ್ತಿದ್ದೆ. ನಡುವೆ ಅವಳು ಎದ್ದು ದೀಪಕ್ಕೆ ಎಣ್ಣೆ ಹಾಕಿ ಬಂದಳು.

ಹೊರಗೆ ಲಕ್ಷ್ಮೀ ಪರಕಾರ ಎತ್ತಿಕಟ್ಟಿಕೊಂಡು ನೀರಿನ ಗುಂಡಿ ದಾಟುತ್ತಿದ್ದಳು. ಅಂಚಿಗೆ ಆಗಲೇ ರಾಡಿ ಹತ್ತಿತ್ತು.

ಗಡಿಯಾರ ಮೂರು ಹೊಡೆಯಿತು. ಕಾಡವ್ವ ಅನ್ನಕ್ಕೆ ಮುಚ್ಚಳ ಹಾಕಿದಳು. "ಇಷ್ಟೊತ್ತಾದ್ರೂ ಬರಲಿಲ್ಲ," ಎಂದು ಭರಮವ್ವ ಕಾಕು ಎದ್ದು ಹೊಸ್ತಿಲಿಗೆ ಹೋಗಿ, ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆ ನೋಡುತ್ತಾ ನಿಂತಳು.